ಖಾಲಿ ಲಾಳಿಯ ಸದ್ದು

ನನ್ನ ಮೇಜಿನ ಮೇಲೆ ಒಂದು ಲಾಳಿ ಇದೆ. ಕೈಮಗ್ಗದ ಲಾಳಿ. ಎರಡು ತುದಿ ಚೂಪು, ನಡುವೆ ಟೊಳ್ಳು ಹೊಟ್ಟೆ. ನೂಲು ಸುತ್ತಿದ ಕಂಡಿಕೆ ಕೂಡಬೇಕಾದ ಆ ಹೊಟ್ಟೆಯಲ್ಲಿ ನಿನ್ನೆಯತನಕ ಮೂರು ಪೆನ್ನು ಮಲಗಿದ್ದವು. ಕೆಳಗೆ ಪಾಲಿಶ್ ಹೊಡೆದ ಹಲಗೆ, ಹಲಗೆಗೆ ಹಿತ್ತಾಳೆಯ ಪಟ್ಟಿ, ಪಟ್ಟಿಯ ಮೇಲೆ ನನ್ನ ಹೆಸರು. ಹದಿನೈದು ದಿನದ ಹಿಂದೆ ನಾನು ನಿವೃತ್ತನಾದಾಗ ಕಚೇರಿಯವರು ಕೊಟ್ಟದ್ದು. ಶಾಲು, ಹಣ್ಣಿನ ಬುಟ್ಟಿ ಎಲ್ಲರಿಗೂ ಸಿಗುತ್ತವೆ. ಲಾಳಿ ಸಿಕ್ಕಿದ್ದು ನನಗೊಬ್ಬನಿಗೆ. ಬೆನ್ನ ಹಿಂದೆ ಎಲ್ಲರೂ ನನ್ನನ್ನು ‘ಲಾಳಿ ಕಥಿ ಸಾಹೇಬ್ರು’ ಎಂದು ಕರೆಯುತ್ತಿದ್ದರಂತೆ. ಅದೂ ಅವತ್ತೇ ಗೊತ್ತಾಯಿತು.

ಮೂಗಿನ ಹತ್ತಿರ ತಂದರೆ ಇದಕ್ಕೆ ಇನ್ನೂ ಹಳೆಯ ಎಣ್ಣೆಯ ವಾಸನೆ ಇದೆ, ಅದರ ಹಿಂದೆ ಗಂಜಿಯ ವಾಸನೆ. ಎಷ್ಟೋ ವರ್ಷ ಯಾರದೋ ಕೈಯಲ್ಲಿ ದುಡಿದ ಲಾಳಿ. ಆ ವಾಸನೆ ಬಂದಾಗೆಲ್ಲ ನನಗೆ ನಾಚಿಕೆಯಾಗುತ್ತದೆ. ನಾಚಿಕೆ ಎಂದರೆ ಮದುವೆಮನೆಯಲ್ಲಿ ಅಂಗಿಯ ಗುಂಡಿ ಬಿಚ್ಚಿಕೊಂಡರೆ ಆಗುವಂಥದ್ದಲ್ಲ, ಊಟಕ್ಕೆ ಕೂತಾಗಲೂ ಎದುರಿಗೆ ಬಂದು ಕೂಡುವಂಥದ್ದು. ಯಾಕೆಂದು ಹೇಳುತ್ತೇನೆ, ಕುಳಿತುಕೊಳ್ಳಿ. ಸುತ್ತು ಬಳಸುವುದು ನನ್ನ ಹಳೆಯ ಚಾಳಿ, ಸ್ವಲ್ಪ ತಡೆದುಕೊಳ್ಳಿ.

ನನ್ನ ಅಜ್ಜ ಆಯಿ ಓಡಿಹೋಗಿ ಮದುವೆಯಾದವರು. ಆಯಿ ಎಂದರೆ ಅಪ್ಪನ ತಾಯಿ, ನೀಲವ್ವ. ಬೆಟಗೇರಿಯ ನೇಕಾರರ ಮನೆಯವಳು. ಅಜ್ಜ ಲಕ್ಷ್ಮೇಶ್ವರದ ಕಡೆಯ ಅಡರಕಟ್ಟಿಯ ಒಕ್ಕಲುತನದವನು. ಗದಗಿನ ಪೇಟೆಗೆ ಹತ್ತಿ ಹಾಕಲು ಬಂದವನು ಅಕ್ಕನಿಗೊಂದು ಸೀರೆ ಕೊಳ್ಳಲು ಬೆಟಗೇರಿಯ ಓಣಿ ಹೊಕ್ಕ. ಒಯ್ದ ಸೀರೆಯನ್ನು ಎಂಟು ದಿನಕ್ಕೆ ತಿರುಗಿ ತಂದು, ಬಣ್ಣ ಬಿಡ್ತೈತಿ ಎಂದು ತಕರಾರು ತೆಗೆದ. ರಾಟಿಯ ಮುಂದೆ ಕಂಡಿಕೆ ಸುತ್ತುತ್ತಿದ್ದ ಹುಡುಗಿ ತಲೆ ಎತ್ತದೆ, “ಬಣ್ಣ ಬಿಡಾಕ ನೀರಿಗೆ ಹಾಕಬೇಕಲ್ರಿ, ಇನ್ನಾ ಮಡಿಕಿನ ಬಿಚ್ಚಿಲ್ಲ” ಅಂದಳಂತೆ. ಅಲ್ಲಿಗೆ ಅಜ್ಜನ ಕಥೆ ಮುಗಿಯಿತು. ಆಮೇಲೆ ಅದೇ ಸೀರೆ ಇನ್ನೂ ಮೂರು ಸಲ ಬಣ್ಣ ಬಿಟ್ಟಿತು.

ಒಂದು ದಿನ ಮುಂಜಾನೆ ಆಯಿ ಕೊಡ ಹಿಡಿದು ನೀರಿಗೆಂದು ಹೊರಟಳು. ಊರ ಹೊರಗೆ ಹುಣಸೆಮರದ ಕೆಳಗೆ ಹತ್ತಿ ಇಳಿಸಿ ಖಾಲಿಯಾದ ಗಾಡಿ ನಿಂತಿತ್ತು. ಖಾಲಿ ಚೀಲಗಳ ಕೆಳಗೆ ಮಲಗಿಕೊಂಡಳು. ಗಾಡಿ ಅಡರಕಟ್ಟಿಯ ದಾರಿ ಬಿಟ್ಟು ಉಲ್ಟಾ ದಿಕ್ಕಿಗೆ, ಮುಂಡರಗಿಗೆ, ಅಜ್ಜನ ಅಕ್ಕನ ಮನೆಗೆ ಹೋಯಿತು. ಅಲ್ಲಿಯ ಗುಡಿಯಲ್ಲಿ ಅಕ್ಕಿಕಾಳು ಹಾಕಿದವರು ಮೂರು ಮಂದಿ: ಅಕ್ಕ, ಅವಳ ಗಂಡ, ಮತ್ತು ಪೂಜಾರಿ. ಮೂರು ತಿಂಗಳ ನಂತರ ಅಡರಕಟ್ಟಿಗೆ ಬಂದು ಸಂಸಾರ ಹೂಡಿದರು. ಆಯಿಗೆ ಹತ್ತಿಯ ಧೂಳು ಕಂಡರೆ ಸಾಯುವತನಕ ಸೀನು ಬರುತ್ತಿತ್ತು. ಸೀನಿದಾಗೊಮ್ಮೆ ಅಜ್ಜ ಮೀಸೆಯೊಳಗೆ ನಗುತ್ತಿದ್ದ.

ಯಾರೂ ಬೆನ್ನು ಹತ್ತಿ ಬರಲಿಲ್ಲ ಎಂಬುದು ಅಜ್ಜನ ದೊಡ್ಡ ಹೆಮ್ಮೆ. “ನನ್ನ ಎತ್ತ ಅಂದ್ರ ಎತ್ತಲೇ. ಬೆಟಗೇರಿ ಬಿಟ್ಟಾವು ಮುಂಡರಗಿಗೇ ನಿಂತ್ವು. ಯಾರರ ಹಿಡೀತಿದ್ರೇನು?” ಎನ್ನುತ್ತಿದ್ದ. ಆ ಎತ್ತುಗಳು ಸತ್ತು ನಲವತ್ತು ವರ್ಷವಾದರೂ ಕಾರಹುಣ್ಣಿಮೆ ಬಂದರೆ ಅವುಗಳ ಹೆಸರಿನಲ್ಲಿ ಒಂದು ಹೋಳಿಗೆ ಎತ್ತಿಡುತ್ತಿದ್ದ.

ಐವತ್ತು ವರ್ಷದ ಮೇಲಿನ ಸಂಸಾರ. ಒಂದು ಕಪ್ಪು ಚಹಾ ಇಬ್ಬರಿಗೆ. ಅಜ್ಜನದು ಬಸಿ, ಎಂದರೆ ಸಾಸರು, ಆಯಿಯದು ಕಪ್ಪು. ಉಪ್ಪು ಹೆಚ್ಚಾಯಿತೆಂದು ಅವನು, ನಾಲಿಗೆ ಕೆಟ್ಟಿದೆಯೆಂದು ಅವಳು, ದಿನವೂ ಅದೇ ಜಗಳ. ಇನ್ನೊಂದು ಅಭ್ಯಾಸ ಆಯಿಗಿತ್ತು. ನೆಲದ ಮೇಲೆ ಕೂತವರು ಯಾರೇ ಏಳಲಿ, ಅವಳ ಕೈ ತಾನಾಗಿ ಮುಂದೆ ಬರುತ್ತಿತ್ತು. “ಹಿಡಿ, ಏಳು.” ಊಟವಾದ ಮೇಲೆ ಅಜ್ಜ ಗಟ್ಟಿಮುಟ್ಟಾಗಿದ್ದಾಗಲೂ ಆ ಕೈ ಹಿಡಿದೇ ಏಳುತ್ತಿದ್ದ. ಹದಿನೆಂಟು ವರ್ಷದ ನನಗೂ ಕೈ ಚಾಚುತ್ತಿದ್ದಳು. “ನನಗೇನ ಮುಪ್ಪ ಬಂದೈತೇನ ಆಯಿ?” ಎಂದು ನಾನು ಬೇಕಂತಲೇ ಜಿಗಿದು ಏಳುತ್ತಿದ್ದೆ. ಅವಳ ಕೈ ಸ್ವಲ್ಪ ಹೊತ್ತು ಹಾಗೇ ಇರುತ್ತಿತ್ತು. ಅದು ಯಾಕೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಗದಗ ಜಿಲ್ಲೆಯಾದ ವರ್ಷ ನನ್ನನ್ನು ಧಾರವಾಡದಿಂದ ಅಲ್ಲಿಗೆ ಹಾಕಿದರು. ಹೊಸ ಜಿಲ್ಲೆ ಎಂದರೆ ಹೊಸ ಸಂಸಾರದ ಹಾಗೆ. ಬೋರ್ಡು ಬಂದಿತ್ತು, ಕುರ್ಚಿ ಬಂದಿರಲಿಲ್ಲ. ಕಪಾಟು ಬಂದರೆ ಕೀಲಿ ಬಂದಿರಲಿಲ್ಲ. ನಾಲ್ಕು ಊರುಗಳಿಂದ ಬಂದ ಅಪರಿಚಿತರು ಕಾಗದದ ಗಂಟುಗಳ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವು. ಅಲ್ಲಿ ನನಗೆ ನಾಲ್ಕು ಜನರನ್ನು ನಗಿಸುವ ರುಚಿ ಹತ್ತಿತು. ನಗಿಸಲು ನನ್ನ ಹತ್ತಿರ ಇದ್ದದ್ದು ಅಜ್ಜ ಆಯಿಯ ಈ ಕಥೆ.

ಕಥೆಯಲ್ಲಿ ಒಂದು ಕೊರತೆ ಇತ್ತು. ಓಡಿಹೋದವರಿದ್ದರು, ಬೆನ್ನಟ್ಟುವವರಿರಲಿಲ್ಲ. ಬೆನ್ನಟ್ಟದಿದ್ದರೆ ನಗು ಎಲ್ಲಿಂದ ಬರಬೇಕು? ಹಾಗಾಗಿ ನಾನು ಆಯಿಯ ಅಪ್ಪನನ್ನು, ನನ್ನ ಮುತ್ತಜ್ಜನನ್ನು ಓಡಿಸಿದೆ. ಮೊದಲು ಮಗ್ಗದಿಂದ ಎದ್ದು ಕೈಯಲ್ಲಿ ಲಾಳಿ ಹಿಡಿದೇ ಓಡಿದ. ಆಮೇಲೆ ಲಾಳಿಯ ನೂಲು ಓಣಿಯ ತುಂಬ ಬಿಚ್ಚಿಕೊಳ್ಳುತ್ತ ಹೋಯಿತು. ಆಮೇಲೆ ಕಚ್ಚೆ ಬಿಚ್ಚಿತು. ಕಡೆಗೆ ಮಗಳು ರೈಲು ಹತ್ತಿದಳೆಂದು ತಿಳಿದು ಗದಗ ಸ್ಟೇಷನ್ನಿನಲ್ಲಿ ಹೊರಟ ರೈಲಿನ ಜೊತೆ ಪ್ಲಾಟ್‌ಫಾರ್ಮಿನ ಕೊನೆಯತನಕ ಓಡಿದ. ಇತ್ತ ಮಗಳು ಮುಂಡರಗಿ ದಾರಿಯಲ್ಲಿ ಚೀಲದ ಕೆಳಗೆ ಸೀನುತ್ತಿದ್ದಳು. ಹೊಸ ಜಿಲ್ಲೆಗೆ ಒಂದೊಂದೇ ಇಲಾಖೆ ಬಂದ ಹಾಗೆ ಕಥೆಗೂ ಒಂದೊಂದೇ ಬಂದು ಸೇರಿತು. ನಾನು ಎದ್ದು ನಿಂತು ಓಡಿ ತೋರಿಸುತ್ತಿದ್ದೆ. ಜನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ಬಾಡಿಗೆ ಮನೆ ಸಿಕ್ಕಿದ್ದು ಬೆಟಗೇರಿಯಲ್ಲೇ. ಓಣಿಯಲ್ಲಿ ಇನ್ನೂ ಕೆಲವು ಮಗ್ಗ ಸದ್ದು ಮಾಡುತ್ತಿದ್ದವು. ಆ ಸದ್ದಿನ ಬೆನ್ನು ಹಿಡಿದು ಒಂದು ದಿನ ಆಯಿಯ ತವರುಮನೆ ಹುಡುಕಿದೆ. ಮುತ್ತಜ್ಜ ಎಂದೋ ಹೋಗಿದ್ದ. ಆಯಿಯ ತಮ್ಮ ಈರಪ್ಪಜ್ಜ ಇದ್ದ. ಹೆಂಡತಿ ತೀರಿದ್ದಳು, ಸೊಸೆ ಮನೆ ನಡೆಸುತ್ತಿದ್ದಳು. ನಾನು ಯಾರೆಂದು ಹೇಳಿದೆ. ನೆಲ ನೋಡುತ್ತಲೇ, “ಅಕ್ಕ ಆರಾಮ ಅದಾಳ?” ಅಂದ. ಅಷ್ಟೇ. ಮೂರನೇ ಸಲ ಹೋದಾಗ ಅವನೇ ಮಾತು ತೆಗೆದ.

“ನೀಲವ್ವ ಈ ಹೊಸ್ತಿಲಾ ತುಳಿಯೂದ ಬ್ಯಾಡಂತ ಅಪ್ಪ ಹೇಳಿ ಸತ್ತಾನ. ಅದನ್ನ ನಾ ಮುರಿಯಂಗಿಲ್ಲ. ನಿಮ್ಮ ಮನಿಗೆ ಕರಸ್ರಿ. ಪಂಚಮಿ ಬಂತು. ಉಡಿ ತುಂಬತೇವಿ. ಒಂದೆರಡ ಮಾತೂ ಹೇಳೂದೈತಿ ಆಕಿಗೆ.”

ಉಡಿ ಎಂದರೆ ನಮ್ಮ ಹೆಣ್ಣುಮಕ್ಕಳಿಗೆ ಏನೆಂದು ನಿಮಗೆ ಹೇಳಬೇಕಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಎಲೆ ಅಡಿಕೆ, ಮೇಲೊಂದು ರವಿಕೆಯ ಖಣ. ತವರಿನವರು ಸೆರಗಿಗೆ ಅಷ್ಟು ಸುರಿದರೆ, ನೀನಿನ್ನೂ ನಮ್ಮ ಮಗಳು ಎಂದ ಹಾಗೆ. ಐವತ್ತು ಪಂಚಮಿಗಳಲ್ಲಿ ಆಯಿ ಊರಿನ ಹೆಂಗಸರನ್ನೆಲ್ಲ ತವರಿಗೆ ಕಳಿಸಿ, ತಾನು ಖಾಲಿ ಓಣಿಯಲ್ಲಿ ಉಂಡಿ ಕಟ್ಟುತ್ತ ಕೂತಿದ್ದಳು. ಸುದ್ದಿ ಮುಟ್ಟಿಸಿದಾಗ ಅವಳು ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಬಿಸಿಲಿಗೆ ಹಾಕಿದಳು.

ಇಷ್ಟಾದ ಮೇಲೆ ನಾನು ಮಾಡಬೇಕಾಗಿದ್ದದ್ದು ಸುಮ್ಮನಿರುವ ಕೆಲಸ ಒಂದೇ. ಆದರೆ ಕಚೇರಿಯ ನಾಲ್ವರು ಗೆಳೆಯರನ್ನೂ ಊಟಕ್ಕೆ ಕರೆದೆ. ಯಾಕೆ? ನನ್ನ ಕಥೆಯ ನಾಯಕ ನಾಯಕಿಯರನ್ನು ಕಣ್ಣಾರೆ ತೋರಿಸುವ ಜಂಬ. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ.

ಪಂಚಮಿಗೆ ಅಜ್ಜ ಆಯಿ ಮೊದಲೇ ಬಂದಿದ್ದರು. ಈರಪ್ಪಜ್ಜ ಸೊಸೆಯೊಂದಿಗೆ ಬಂದ. ಬಿಳಿ ಪಂಜೆಯ ಗಂಟನ್ನು ಕಿಟಕಿಯಲ್ಲಿಟ್ಟ; ಮೇಲೆ ಹಸಿರು ಖಣದ ಅಂಚು ಕಾಣುತ್ತಿತ್ತು, ಅವನೇ ನೇಯ್ದದ್ದು. ಅಕ್ಕ ತಮ್ಮ ಮುಖ ನೋಡಿಕೊಂಡರು. ಮೊದಲು ಊಟವಾಗಲಿ, ಆಮೇಲೆ ಉಡಿ ಎಂದಳು ನನ್ನ ಹೆಂಡತಿ. ಹೋಳಿಗೆ, ಕಟ್ಟಿನ ಸಾರು, ಎಣಗಾಯಿ. ಆಯಿ ತಾನೇ ತಮ್ಮನಿಗೆ ತುಪ್ಪ ಬಡಿಸಿದಳು. “ಇನ್ನಷ್ಟ ಹಾಕೇನೋ ತಮ್ಮಾ?” ಎಂದಾಗ ಅವನು ಎಲೆ ಮುಂದೆ ಸರಿಸಿದ. ನನಗೆ ಅಷ್ಟು ಸಂತೋಷವಾಗಿತ್ತು. ಅದೇ ಸಂತೋಷದಲ್ಲಿ ಗೆಳೆಯನೊಬ್ಬ, “ಎಲ್ಲಾರೂ ಕೂಡೀರಿ, ಆ ಲಾಳಿ ಕಥಿ ಆಗ್ಲಿ ಬಿಡ್ರಿ” ಅಂದ.

ನನ್ನ ಹೆಂಡತಿ ಕಣ್ಣು ಬಿಟ್ಟು ನೋಡಿದಳು. ನಾನು ಆಗಲೇ ಎದ್ದಿದ್ದೆ. ಅಡುಗೆಮನೆಯಿಂದ ಲಟ್ಟಣಿಗೆ ತಂದೆ, ಅದೇ ಲಾಳಿ. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಓಡಿದೆ. ನೂಲು ಬಿಚ್ಚಿತು, ಕಚ್ಚೆ ಬಿಚ್ಚಿತು, ರೈಲು ಕೂಗಿತು. ಗೆಳೆಯರು ನಕ್ಕರು. ಅಜ್ಜನೂ ನಕ್ಕ, ಪಾಪ, ಅವನಿಗೆ ಅದು ಎತ್ತುಗಳ ಹೊಗಳಿಕೆ. ಆಯಿ ಬೋಗುಣಿಯಲ್ಲಿ ಇಲ್ಲದ ಸಾರನ್ನು ತಿರುವುತ್ತಿದ್ದಳು.

“ನಮ್ಮಪ್ಪಗ ಓಡಾಕ ಬರ್ತಿದ್ದಿಲ್ಲ.”

ಈರಪ್ಪಜ್ಜನ ದನಿ ದೊಡ್ಡದಿರಲಿಲ್ಲ. ಆದರೂ ನಾನು ಲಟ್ಟಣಿಗೆ ಹಿಡಿದು ನಿಂತಲ್ಲೇ ನಿಂತೆ.

“ಓಡೂದ ದೂರ ಉಳೀತು. ಎರಡೂ ಮೊಣಕಾಲ ಹಿಡದು ಹೋಗಿದ್ವು ಅಂವಗ. ನಮ್ಮದು ಕುಣಿಮಗ್ಗ. ಕುಣ್ಯಾಗ ಇಳದು ಕುಂತ್ರ ಕಾಲಿಂದ ತುಳಿಯಾಕ ಬರ್ತಿತ್ತು, ಮ್ಯಾಲ ಏಳಾಕ ಬರ್ತಿದ್ದಿಲ್ಲ. ಮುಂಜಾನಿ ಕೈ ಹಿಡದು ಇಳಸಾಕಿ ಅಕ್ಕ, ಊಟಕ್ಕ ಎಬ್ಬಸಾಕಿ ಅಕ್ಕ. ಅವತ್ತ ಇಳಿಸಿ ಹೋದಾಕಿ ಎಬ್ಬಸಾಕ ಬರ್ಲಿಲ್ಲ. ನಾ ಸೀರಿ ಕೊಡಾಕ ಗದಗಿಗೆ ಹೋಗಿದ್ನಿ. ದೀಪಾ ಹಚ್ಚೂ ಹೊತ್ತಿಗೆ ಬಂದ್ನಿ. ಅಲ್ಲೀತನಕ ಕುಣ್ಯಾಗ ಇದ್ದ. ಊಟಿಲ್ಲ, ನೀರಿಲ್ಲ. ಒಂದಕ್ಕ ಸುದ್ದಾ ಎದ್ದಿದ್ದಿಲ್ಲ.” ಅಲ್ಲಿಗೆ ನಿಲ್ಲಿಸಿ ನನ್ನ ಕಡೆ ನೋಡಿದ. “ಓಡಸ್ರಿ ಇನ್ನ. ಚಲೋ ಓಡಸ್ತೀರಿ.”

ಗೆಳೆಯರು ಒಬ್ಬೊಬ್ಬರಾಗಿ ಕೈ ತೊಳೆಯಲು ಎದ್ದರು. ಸೊಸೆ ಏನು ಮಾಡಲೂ ತೋಚದೆ ಗಂಟು ಬಿಚ್ಚಿ, “ಅತ್ತೀ, ಸೆರಗ ಒಡ್ರಿ” ಅಂದಳು. ಆಯಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು. “ಬ್ಯಾಡವಾ. ಹಡದ ಅಪ್ಪನ್ನ ಕುಣ್ಯಾಗ ಬಿಟ್ಟು ಬಂದಾಕಿ ನಾ. ನನ್ನ ಉಡ್ಯಾಗ ತವರಿನ ಅಕ್ಕಿ ನಿಲ್ಲಂಗಿಲ್ಲ.”

ಈರಪ್ಪಜ್ಜ ಹೊರಡಲು ಎದ್ದ. ಏಳಲು ಆಗಲಿಲ್ಲ. ಅವನೂ ಮಗ್ಗದವನೇ, ಅವನ ಮೊಣಕಾಲೂ ಅಪ್ಪನ ದಾರಿ ಹಿಡಿದಿದ್ದವು. ಆಯಿಯ ಕೈ ತಾನಾಗಿ ಮುಂದೆ ಹೋಯಿತು. “ಹಿಡಿ, ಏಳು.” ಅವನು ಆ ಕೈ ನೋಡಿದ. ಗೋಡೆ ಹಿಡಿದು, ಕಿಟಕಿ ಹಿಡಿದು, ತಾನೇ ಎದ್ದ. ಗಂಟು ಕಟ್ಟಿಕೊಂಡು ಹೋದರು. ಆ ಚಾಚಿದ ಕೈ ಯಾಕೆ ಎಂದು ಅವತ್ತು ನನಗೆ ತಿಳಿಯಿತು. ತಿಳಿದುಕೊಳ್ಳಲು ನಾನು ತೆತ್ತದ್ದು ಏನೂ ಇಲ್ಲ, ತೆತ್ತವಳು ಅವಳು.

ಸಂಜೆ ಕಟ್ಟೆಯ ಮೇಲೆ ಅಜ್ಜ ಆಯಿ ಕೂತಿದ್ದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಎದುರಿಗೆ ಹೋಗಲು ಮುಖವಿರಲಿಲ್ಲ.

“ನನಗ ಯಾಕ ಹೇಳಲಿಲ್ಲ ನೀ?” ಅಂದ ಅಜ್ಜ.

“ಹೇಳಿದ್ರ ಏನ ಮಾಡ್ತಿದ್ರಿ?”

“ಗಾಡಿ ತಿರುವ್ತಿದ್ನಿ.”

“ಅದಕ್ಕ ಹೇಳ್ಲಿಲ್ಲ.”

ಅಜ್ಜ ಬಸಿಯಲ್ಲಿದ್ದ ಚಹಾವನ್ನು ಅವಳ ಕಪ್ಪಿಗೇ ಸುರಿದ. ಮರುದಿನ ಇಬ್ಬರೂ ಊರಿಗೆ ಹೋದರು.

ಈರಪ್ಪಜ್ಜನ ಮನೆ ನನ್ನ ಮನೆಯಿಂದ ನಾಲ್ಕು ಓಣಿ ದೂರ. ಹೋಗಿ ಕಾಲು ಹಿಡಿಯಬೇಕು ಎಂದುಕೊಂಡೆ. ಈ ಸೋಮವಾರ, ಈ ಅಮಾವಾಸ್ಯೆ ಮುಗಿಯಲಿ, ಈ ದೀಪಾವಳಿ ಕಳೆಯಲಿ. ಆಮೇಲೆ ಆ ಓಣಿ ತಪ್ಪಿಸಲು ಸುತ್ತು ಹಾಕಿ ಬಸ್ಸಿಗೆ ಹೋಗತೊಡಗಿದೆ. ಆಮೇಲೆ ಶಿರಹಟ್ಟಿಗೆ ವರ್ಗ ಕೇಳಿಕೊಂಡೆ. ಮಕ್ಕಳ ಶಾಲೆಗೆ ಅನುಕೂಲ ಎಂದು ಅರ್ಜಿಯಲ್ಲಿ ಬರೆದೆ. ಸಾಹೇಬರು ನಂಬಿದರು, ನನ್ನ ಹೆಂಡತಿ ನಂಬಲಿಲ್ಲ. ಹೀಗೆ ನಾಲ್ಕು ವರ್ಷ ಹೋಯಿತು.

ನಾಲ್ಕನೇ ವರ್ಷದ ಶ್ರಾವಣದಲ್ಲಿ ಆಯಿ ತೀರಿಕೊಂಡಳು. ಬೆಟಗೇರಿಗೆ ಖಬರು ಮುಟ್ಟಿಸಿದವಳು ನನ್ನ ಹೆಂಡತಿ, ನನಗೆ ಧೈರ್ಯವಾಗಲಿಲ್ಲ. ಮುತ್ತೈದೆ ಸತ್ತರೆ ತವರಿನ ಸೀರೆ ಉಡಿಸಿ, ಉಡಿ ತುಂಬಿ ಕಳಿಸುವುದು ನಮ್ಮಲ್ಲಿಯ ಪದ್ಧತಿ. ಬರುತ್ತಾರೋ ಇಲ್ಲವೋ ಎಂದು ಊರವರು ಮಾತಾಡಿಕೊಳ್ಳುತ್ತಿರುವಾಗಲೇ ಈರಪ್ಪಜ್ಜ ಸೊಸೆಯ ಹೆಗಲು ಹಿಡಿದು ಬಸ್ಸಿನಿಂದ ಇಳಿದ. ಹಸಿರು ಸೀರೆ ತಂದಿದ್ದ. ಗಂಟಿನಲ್ಲಿ ಅದೇ ಹಸಿರು ಖಣವಿತ್ತು. “ಯಾರಿಗೂ ಕೊಟ್ಟಿದ್ದಿಲ್ರಿ ಮಾವಾರು” ಅಂದಳು ಸೊಸೆ ನನ್ನ ಹೆಂಡತಿಗೆ. ಈ ಸಲ ಆಯಿ ಕೈ ಹಿಂದಕ್ಕೆ ಕಟ್ಟಲಿಲ್ಲ. ಸೊಸೆ ಉಡಿ ತುಂಬಿದಳು.

ಈರಪ್ಪಜ್ಜ ಅಕ್ಕನ ತಲೆಯ ಹತ್ತಿರ ಕೂತು, ಬದುಕಿದ್ದವರ ಹತ್ತಿರ ಮಾತಾಡುವ ಹಾಗೆಯೇ ಮಾತಾಡಿದ.

“ಅಕ್ಕಾ, ಅವತ್ತ ಸಿಟ್ಟಿನ ಭರದಾಗ ಅರ್ಧಾ ಹೇಳಿದ್ನಿ. ಇನ್ನರ್ಧಾ ಕೇಳು. ನಾ ಗದಗಿನಿಂದ ಬರೂಮುಂದ ಓಣಿತನಕ ನಮ್ಮ ಮಗ್ಗದ ಸಪ್ಪಳಾ ಕೇಳತಿತ್ತು. ಅಕ್ಕ ಕಂಡಿಕಿ ಸುತ್ತಾಕತ್ತಾಳ, ಅಪ್ಪ ನೇಯಾಕತ್ತಾನ ಅಂದಕೊಂಡು ಒಳಗ ಬಂದ್ನಿ. ನೋಡಿದ್ರ ಬುಟ್ಟ್ಯಾಗ ಒಂದೂ ಕಂಡಿಕಿ ಇಲ್ಲ. ನೀ ಸುತ್ತಿಟ್ಟಿದ್ದು ಮಧ್ಯಾಹ್ನಕ್ಕ ತೀರಿದ್ವು. ಬರೇ ಲಾಳಿ ಒಗ್ಯಾಕತ್ತಿದ್ದ ಅಪ್ಪ. ನೂಲಿಲ್ಲ, ಏನಿಲ್ಲ. ಯಾಕಪಾ ಅಂದ್ನಿ. ‘ಸಪ್ಪಳ ನಿಂತ್ರ ಮಂದಿ ಬಂದು ನೋಡ್ತಾರ. ನೋಡಿದ್ರ ಹುಡುಗೂರು ಸೈಕಲ್ ಹತ್ತತಾರ. ಎತ್ತಿನ ಗಾಡಿ ಎಷ್ಟ ದೂರ ಹೋದೀತು? ಹೊತ್ತ ಮುಳುಗೇತೇನು?’ ಅಂದ. ಮುಳುಗೇತಿ ಅಂದ್ನಿ. ‘ಹಂಗಾದ್ರ ಎಬ್ಬಸು’ ಅಂದ. ಹೊರಗ ಬಂದು ತಲಿಮ್ಯಾಲ ತಣ್ಣೀರ ಸುರುವಿಕೊಂಡು, ಮಗಳ ಸತ್ತಳು ಅಂತ ಓಣಿಗೆಲ್ಲಾ ಹೇಳಿದ. ಲಾಳಿ ಮಾತ ನಾ ಸಾಯೂತನಕ ಯಾರಿಗೂ ಹೇಳಬ್ಯಾಡ ಅಂದ.”

ಗಾಡಿಯಲ್ಲಿ ಹೋಗುವವಳೆಂದು ಮುತ್ತಜ್ಜನಿಗೆ ಗೊತ್ತಿತ್ತು. ಆ ಬಣ್ಣ ಬಿಡುವ ಸೀರೆಯನ್ನು ನಾಲ್ಕು ಸಲ ಬಿಡಿಸಿ ನೋಡಿದವನು ಅವನೇ ಅಲ್ಲವೇ. ಮೂಲೆಯಲ್ಲಿ ಕೂತ ಅಜ್ಜ, “ಎತ್ತಲ್ಲ ಹಂಗಾದ್ರ” ಅಂದ ಮೆಲ್ಲಗೆ. ಆಮೇಲೆ ಎತ್ತಿನ ಮಾತನ್ನು ಅವನು ಯಾವತ್ತೂ ಆಡಲಿಲ್ಲ. ಊಟವಾದ ಮೇಲೆ ಎಡಗೈ ಸ್ವಲ್ಪ ಮೇಲೆತ್ತಿ ಹಾಗೇ ಕೂತಿರುತ್ತಿದ್ದ, ನಮ್ಮಲ್ಲೊಬ್ಬರು ಹೋಗಿ ಹಿಡಿಯುವತನಕ.

ಹೋಗುವಾಗ ಈರಪ್ಪಜ್ಜ ನನ್ನ ಮುಂದೆ ನಿಂತ. ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. “ಅವತ್ತ ಇದನ್ನ ಹೇಳಾಕಂತ ಬಂದಿದ್ನಿ, ತಮ್ಮಾ” ಅಂದ.

ನಾಲ್ಕು ವರ್ಷ ಆಯಿ ಅಪ್ಪನನ್ನು ಕುಣಿಯಲ್ಲಿ ಬಿಟ್ಟು ಬಂದವಳಾಗಿಯೇ ಇದ್ದಳು, ಹಾಗೆಯೇ ಹೋದಳು. ಅವಳನ್ನು ಎಬ್ಬಿಸುವ ಮಾತು ನಾಲ್ಕು ಓಣಿಯಾಚೆ ಇತ್ತು. ನಾನು ಸುತ್ತು ಹಾಕಿ ಬಸ್ಸಿಗೆ ಹೋಗುತ್ತಿದ್ದೆ.

ಇಷ್ಟಕ್ಕೆ ನಿಲ್ಲಿಸಿದರೆ ನೀವು ನನ್ನನ್ನು ಪಶ್ಚಾತ್ತಾಪಪಟ್ಟವನು ಎಂದುಕೊಳ್ಳುತ್ತೀರಿ. ಅದೂ ಸುಳ್ಳಾಗುತ್ತದೆ. ಎರಡು ವರ್ಷ ಆ ಕಥೆ ಬಿಟ್ಟಿದ್ದೆ. ಮುಂಡರಗಿಗೆ ವರ್ಗವಾದಾಗ ಹೊಸ ಜನ, ಹೊಸ ಚಹಾದಂಗಡಿ. ಒಂದು ಮಳೆಯ ಮಧ್ಯಾಹ್ನ ಯಾರೋ ತಮ್ಮ ಊರಿನ ಓಡಿಹೋದವರ ಕಥೆ ಹೇಳಿದರು. ಅದು ಬಹಳ ಸಪ್ಪೆಯಾಗಿತ್ತು. ನನ್ನ ನಾಲಿಗೆ ತಡೆಯಲಿಲ್ಲ. ಮುತ್ತಜ್ಜನನ್ನು ಮತ್ತೆ ಓಡಿಸಿದೆ. ಓಡಿಸುತ್ತಲೇ ಹೋದೆ, ನಿವೃತ್ತಿಯ ದಿನದವರೆಗೂ. ಅವತ್ತು ಕೂಡ ಈ ಲಾಳಿ ಕೈಗೆ ಕೊಟ್ಟು, ಮೈಕು ಮುಂದಿಟ್ಟು, ಕಥೆ ಹೇಳಿ ಎಂದರು. ಹೇಳಿದೆ. ಎಲ್ಲರೂ ನಕ್ಕರು. ಹೆಂಡತಿ ಮೊದಲ ಸಾಲಿನಲ್ಲಿ ಕೂತು ಶಾಲಿನ ಅಂಚು ಎಣಿಸುತ್ತಿದ್ದಳು.

ನಿನ್ನೆ ಕಚೇರಿಯ ಹುಡುಗಿಯೊಬ್ಬಳು ಸಮಾರಂಭದ ಫೋಟೋ ಕೊಡಲು ಬಂದಿದ್ದಳು. ನಾಗಾವಿಯವಳು, ತಾಯಿಯ ತವರು ನೇಕಾರರ ಮನೆ. “ನಿಮ್ಮ ಕಥಿ ಮನ್ಯಾಗ ಹೇಳಿದ್ನಿರಿ ಸರ. ಎಲ್ಲಾರೂ ನಕ್ಕರು. ನಮ್ಮವ್ವ ಒಬ್ಬಾಕಿ ನಗಲಿಲ್ರಿ. ಲಾಳಿ ಹಿಡದು ಓಡಿದ್ರ ನೂಲು ನಾಕ ಹೆಜ್ಜಿಗೆ ಹರೀತೈತಿ, ಓಣಿತುಂಬ ಹೆಂಗ ಬಿಚ್ಚತೈತಿ, ಸಾಹೇಬ್ರನ್ನ ಕೇಳು ಅಂದ್ಲರಿ.”

ಇಪ್ಪತ್ತು ವರ್ಷಕ್ಕೂ ಮೇಲೆ ನೂರಾರು ಜನ ಕೇಳಿದ ಕಥೆ. ಆ ನೂಲು ಹರಿಯುತ್ತದೆ ಎಂದವಳು ಅವಳೊಬ್ಬಳೇ.

“ಅವರು ಓಡಲಿಲ್ಲವ್ವಾ” ಅಂದೆ. “ಕುಂತಿದ್ರು.”

ಕೂಡಲು ಹೇಳಿ ಎಲ್ಲ ಹೇಳಿದೆ. ಕುಣಿ, ಕೈ, ಖಾಲಿ ಲಾಳಿ, ನನ್ನ ಲಟ್ಟಣಿಗೆ, ನಾಲ್ಕು ಓಣಿ. ಹೇಳುವುದು ನನಗೆ ಬರಲೇ ಇಲ್ಲ. ತಡವರಿಸಿದೆ, ಎರಡು ಸಲ ಹಿಂದೆ ಹೋದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಮುಗಿದ ಮೇಲೆ ಹುಡುಗಿ ಮೇಜಿನ ಮೇಲಿದ್ದ ಲಾಳಿಯನ್ನು ಹತ್ತಿರ ಎಳೆದುಕೊಂಡು, ಅದರ ಹೊಟ್ಟೆಯಿಂದ ಮೂರೂ ಪೆನ್ನುಗಳನ್ನು ಒಂದೊಂದಾಗಿ ತೆಗೆದು ನನ್ನ ಮುಂದಿಟ್ಟಳು.

“ಇದರಾಗ ಇವು ಬ್ಯಾಡ್ರಿ ಸರ” ಅಂದಳು.

ಇದನ್ನು ಬರೆಯುತ್ತಿರುವುದು ಅವುಗಳಲ್ಲೊಂದರಿಂದ. ಉಳಿದೆರಡನ್ನು ಹೆಂಡತಿ ಕಿವಿ ಮುರಿದ ಚಹಾದ ಕಪ್ಪಿನಲ್ಲಿ ಇಟ್ಟಿದ್ದಾಳೆ. ಲಾಳಿ ಖಾಲಿ ಇದೆ.